ನಾಳೆ ಗೊತ್ತಿಲ್ಲದ ಡೈರಿ, ಕೊನೆ ಗೊತ್ತಿರುವ ಸಿನಿಮಾ

ಆನ್ ಫ್ರಾಂಕ್ ಚಲಿಸುವ ಚಿತ್ರದಲ್ಲಿ ಕಾಣಿಸುವುದು ಒಂದೇ ಒಂದು ಕಡೆ. 1941ರ ಜುಲೈ 22ರಂದು ಆಮ್‌ಸ್ಟರ್‌ಡ್ಯಾಮ್‌ನ ಮೆರ್ವೆಡೆಪ್ಲೇನ್ ಬಡಾವಣೆಯಲ್ಲಿ ಪಕ್ಕದ ಮನೆಯವರ ಮದುವೆ. ವಧೂವರರು ಹೊರಬಂದು ಕಾರಿನತ್ತ ನಡೆಯುವುದನ್ನು ಯಾರೋ ಚಿತ್ರೀಕರಿಸುತ್ತಿದ್ದಾರೆ. ಇದ್ದಕ್ಕಿದ್ದಂತೆ ಕ್ಯಾಮೆರಾ ಮೇಲಕ್ಕೆ ಹೊರಳುತ್ತದೆ. ಮಹಡಿಯ ಕಿಟಕಿಯಿಂದ ಬಗ್ಗಿ ಮದುಮಗಳನ್ನು ನೋಡುತ್ತಿರುವ ಹನ್ನೆರಡು ವರ್ಷದ ಹುಡುಗಿಯೊಬ್ಬಳು ಒಳಗಿದ್ದವರಿಗೆ ಏನೋ ಹೇಳಲು ತಲೆ ತಿರುಗಿಸುತ್ತಾಳೆ. ಆಮೇಲೆ ಕ್ಯಾಮೆರಾ ಮತ್ತೆ ಮದುವೆಯ ಕಡೆಗೆ. ಇಡೀ ತುಣುಕು ಇಪ್ಪತ್ತು ಸೆಕೆಂಡಿನಷ್ಟು, ಅದರಲ್ಲಿ ಆನ್ ಪಾಲು ಕೆಲವೇ ಕ್ಷಣ.

ಅವಳು ಹೇಗೆ ನಡೆಯುತ್ತಿದ್ದಳು, ಸಿಟ್ಟು ಬಂದಾಗ ಬಾಗಿಲು ಹೇಗೆ ಹಾಕುತ್ತಿದ್ದಳು, ಬರೆಯುವಾಗ ಹೇಗೆ ಕೂರುತ್ತಿದ್ದಳು ಎಂಬುದಕ್ಕೆ ದಾಖಲೆಯಿಲ್ಲ. ಫೋಟೊಗಳಿವೆ, ಮತ್ತೆ ಅಕ್ಷರಗಳಿವೆ. ಅವಳ ಮೇಲೆ ಸಿನಿಮಾ ಮಾಡುವವರು ಉಳಿದದ್ದನ್ನೆಲ್ಲ ಕಲ್ಪಿಸಿಕೊಳ್ಳಲೇಬೇಕು. ಕಲ್ಪಿಸಿಕೊಂಡದ್ದನ್ನು ನಟಿಯೊಬ್ಬಳ ಮೈಮೇಲೆ ಹೊರಿಸುವುದಕ್ಕಿಂತ ಚಿತ್ರ ಬರೆದು ತೋರಿಸುವುದೇ ಹೆಚ್ಚು ಪ್ರಾಮಾಣಿಕ ಎಂಬ ವಾದವೊಂದಿದೆ. ಚಿತ್ರ ಬರೆದಾಗ ನೋಡುವವನಿಗೆ ಮೊದಲ ನೋಟಕ್ಕೇ ಗೊತ್ತಾಗುತ್ತದೆ, ಇದು ಆಕೆಯಲ್ಲ, ಯಾರೋ ಆಕೆಯನ್ನು ನೆನೆದು ಬರೆದದ್ದು ಎಂದು. ಈ ವಾದ ನನಗೆ ಮುಕ್ಕಾಲುಪಾಲು ಒಪ್ಪಿಗೆ. ಉಳಿದ ಕಾಲುಪಾಲಿನ ಕಥೆಯನ್ನು ಮುಂದೆ ಹೇಳುತ್ತೇನೆ.

ಯುದ್ಧದ ನಡುವೆ ಮಕ್ಕಳು ಬರೆದ ಡೈರಿಗಳನ್ನು ಅನಿಮೇಷನ್‌ಗೆ ತರುವ ಕೆಲಸ ಜಪಾನಿನಲ್ಲಿ, ಯುರೋಪಿನಲ್ಲಿ, ಅಮೆರಿಕದಲ್ಲಿ ನಡೆದಿದೆ. ಅನಿಮೇಷನ್ ಎಂದರೆ ಮಕ್ಕಳ ಕಾರ್ಟೂನು, ಕಾರ್ಟೂನು ಎಂದರೆ ತಮಾಷೆ ಎಂದುಕೊಂಡವರಿಗೆ ಇದು ವಿಚಿತ್ರವಾಗಿ ಕಾಣಬಹುದು. ಹತ್ಯಾಕಾಂಡಕ್ಕೂ ಕಾರ್ಟೂನಿಗೂ ಎತ್ತಣಿಂದೆತ್ತ ಸಂಬಂಧ? ಆದರೆ ನಟನಟಿಯರನ್ನು ಹಾಕಿಕೊಂಡು ಈ ಡೈರಿಗಳನ್ನು ತೆರೆಗೆ ತರಲು ಹೋದವರ ಪಾಡು ನೋಡಿದರೆ ಉತ್ತರ ಅರ್ಧ ಸಿಗುತ್ತದೆ.

1959ರಲ್ಲಿ ಹಾಲಿವುಡ್ ನಿರ್ದೇಶಕ ಜಾರ್ಜ್ ಸ್ಟೀವನ್ಸ್ ಆನ್ ಡೈರಿಯನ್ನು ಸಿನಿಮಾ ಮಾಡಿದರು. ಅವರು ಸಾಮಾನ್ಯರಲ್ಲ. ಅಮೆರಿಕದ ಸೇನೆಯ ಜೊತೆ ಹೋಗಿ, ಡಾಖಾವ್ ಯಾತನಾ ಶಿಬಿರದ ಬಾಗಿಲು ತೆರೆದಾಗ ಒಳಗಿದ್ದುದನ್ನು ಸ್ವತಃ ಚಿತ್ರೀಕರಿಸಿದ್ದವರು. ಆನ್ ಪಾತ್ರಕ್ಕೆ ಮೊದಲು ಕೇಳಿದ್ದು ಆಡ್ರಿ ಹೆಪ್‌ಬರ್ನ್ ಅವರನ್ನು. ಆಕೆ ಆನ್ ಹುಟ್ಟಿದ 1929ರಲ್ಲೇ ಹುಟ್ಟಿದವರು, ಯುದ್ಧಕಾಲವನ್ನು ನೆದರ್ಲೆಂಡ್ಸ್‌ನಲ್ಲೇ ಕಳೆದವರು. ಆಕೆ ಒಲ್ಲೆ ಎಂದರು. ಕೊನೆಗೆ ಪಾತ್ರ ಹೋದದ್ದು ಮಿಲ್ಲಿ ಪರ್ಕಿನ್ಸ್ ಎಂಬ ಮಾಡೆಲ್‌ಗೆ. ಇಪ್ಪತ್ತರ ಆಸುಪಾಸಿನ ತರುಣಿ ಹದಿಮೂರರ ಹುಡುಗಿಯಾಗಿ ಕುಣಿದಾಡಬೇಕಾಯಿತು.

ವಯಸ್ಸಿನ ಈ ಎಡವಟ್ಟು ಸಣ್ಣದಲ್ಲ. ಆಮ್‌ಸ್ಟರ್‌ಡ್ಯಾಮ್‌ನ ಪ್ರಿನ್ಸೆನ್‌ಗ್ರಾಖ್ಟ್ 263ನೇ ನಂಬರಿನ ಕಟ್ಟಡದ ಹಿಂಬದಿಯಲ್ಲಿ, ನಾಜಿಗಳಿಂದ ತಪ್ಪಿಸಿಕೊಂಡು ಫ್ರಾಂಕ್ ಕುಟುಂಬವೂ ಸೇರಿ ಎಂಟು ಜನ ಯಹೂದಿಗಳು ಅಡಗಿದ್ದ ಕೋಣೆಗಳ ಗೋಡೆಯೊಂದರ ಮೇಲೆ ಇಂದಿಗೂ ಪೆನ್ಸಿಲ್ ಗೆರೆಗಳಿವೆ. ಆನ್ ತಂದೆ ಆಟೊ ಫ್ರಾಂಕ್ ತಮ್ಮ ಹೆಣ್ಣುಮಕ್ಕಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ಎತ್ತರ ಗುರುತು ಹಾಕುತ್ತಿದ್ದರು. 1942ರ ಜುಲೈಯಿಂದ 1944ರ ಆಗಸ್ಟ್‌ವರೆಗಿನ ಇಪ್ಪತ್ತೈದು ತಿಂಗಳಲ್ಲಿ ಆನ್ 13 ಸೆಂಟಿಮೀಟರಿಗಿಂತ ಹೆಚ್ಚು ಬೆಳೆದಿದ್ದಳು. ಹಗಲು ಹೊತ್ತು ಪಾಯಿಖಾನೆಗೆ ನೀರು ಬಿಡಲೂ ಹೆದರಬೇಕಿದ್ದ ಆ ಗೂಡಿನಲ್ಲಿ ಒಂದು ದೇಹ ಬೆಳೆಯುತ್ತಲೇ ಇತ್ತು. ಕೆಲವು ವಾರಗಳಲ್ಲಿ ಶೂಟಿಂಗ್ ಮುಗಿಸುವ ಸಿನಿಮಾದಲ್ಲಿ ನಟಿ ಅಷ್ಟು ಬೆಳೆಯುವುದು ಹೇಗೆ? ಅನಿಮೇಷನ್‌ನಲ್ಲಿ ಅದಕ್ಕೆ ತೊಂದರೆಯಿಲ್ಲ. ಸೆಕೆಂಡಿಗೆ 24 ಫ್ರೇಮು, ಎರಡು ಫ್ರೇಮಿಗೊಂದು ಚಿತ್ರ ಎಂದು ಹಿಡಿದರೂ ಒಂದೂವರೆ ಗಂಟೆಯ ಸಿನಿಮಾಕ್ಕೆ 60 ಸಾವಿರದ ಮೇಲೆ ಚಿತ್ರ ಬೇಕು. ಅಷ್ಟು ಚಿತ್ರಗಳ ನಡುವೆ ಹುಡುಗಿಯನ್ನು ಕೂದಲೆಳೆಯಷ್ಟೇ ಎತ್ತರ ಮಾಡುತ್ತಾ ಹೋಗಬಹುದು, ತೋಳು ಗಿಡ್ಡವಾದ ಅಂಗಿಯನ್ನು ಅದೇ ಅಂಗಿ ಎಂದು ಗುರುತು ಸಿಗುವಂತೆ ತೋರಿಸಬಹುದು.

ಸ್ಟೀವನ್ಸ್ ಅವರಿಗೆ ಎದುರಾದ ಎರಡನೆಯ ತೊಡಕೇ ನಿಜವಾದ ತೊಡಕು. ಅವರು ಸಿನಿಮಾದ ಕೊನೆಗೆ ಆನ್ ಯಾತನಾ ಶಿಬಿರದಲ್ಲಿ ನಿಂತಿರುವ ದೃಶ್ಯವೊಂದನ್ನು ಇಟ್ಟಿದ್ದರು. ಬಿಡುಗಡೆಗೆ ಮುಂಚೆ ಪ್ರೇಕ್ಷಕರಿಗೆ ತೋರಿಸಿದಾಗ ಅದು ತಡೆದುಕೊಳ್ಳಲಾಗದ್ದು ಎನ್ನಿಸಿತು. ಆ ದೃಶ್ಯವನ್ನು ಕತ್ತರಿಸಿ, ಡೈರಿಯ ಆಶಾವಾದದ ಮಾತಿನ ಮೇಲೆ ಸಿನಿಮಾ ಮುಗಿಸಿದರು.

ಎರಡು ಕೊನೆಗಳಲ್ಲಿ ಯಾವುದು ಸರಿ? ಡೈರಿಯ ಕಡೆಯಿಂದ ಕೇಳಿದರೆ ಎರಡೂ ಸರಿಯಲ್ಲ. ಡೈರಿಗೆ ಕೊನೆ ಎಂಬುದೇ ಗೊತ್ತಿರುವುದಿಲ್ಲ. ಆತ್ಮಕಥೆ ಬರೆಯುವವರು ಎಲ್ಲ ಮುಗಿದ ಮೇಲೆ ಕೂತು ಬರೆಯುತ್ತಾರೆ. ಯಾರು ಬದುಕಿದರು, ಯಾರು ಹೋದರು, ಯಾವ ದಿನ ಮುಖ್ಯವಾಗಿತ್ತು ಎಂದು ಗೊತ್ತಿದ್ದೇ ಮೊದಲ ಸಾಲು ಬರೆಯುತ್ತಾರೆ. ಡೈರಿ ಬರೆಯುವ ಮಗುವಿಗೆ ಇವತ್ತಿನ ಆಲೂಗಡ್ಡೆ ಕೊಳೆತದ್ದು, ಅಮ್ಮನ ಜೊತೆ ಜಗಳವಾದದ್ದು, ಲ್ಯಾಟಿನ್ ಪಾಠ ಬಾಕಿ ಉಳಿದದ್ದು ಗೊತ್ತು. 1944ರ ಆಗಸ್ಟ್ 1ರಂದು ಆನ್ ಬರೆದದ್ದು ತನ್ನದೇ ಸ್ವಭಾವದ ಬಗ್ಗೆ, ತನ್ನೊಳಗಿನ ಇಬ್ಬರು ಆನ್‌ಗಳ ಬಗ್ಗೆ. ಅದು ಕೊನೆಯ ಪುಟವಾಗುತ್ತದೆಂದು ಅವಳಿಗೇನು ಗೊತ್ತು? ಮೂರು ದಿನ ಬಿಟ್ಟು ಪೊಲೀಸರು ಬಂದರು. ಸಿನಿಮಾ ಮಂದಿರದಲ್ಲಿ ಕೂತವರಿಗೆ ಮಾತ್ರ ಟಿಕೆಟ್ ಕೊಳ್ಳುವಾಗಲೇ ಎಲ್ಲ ಗೊತ್ತು. ಬರೆದವಳಿಗೆ ಗೊತ್ತಿಲ್ಲದ, ನೋಡುವವರಿಗೆ ಗೊತ್ತಿರುವ ಈ ಸಂಗತಿಯನ್ನು ಏನು ಮಾಡುವುದು ಎಂಬುದರಲ್ಲೇ ಇಂಥ ಸಿನಿಮಾಗಳ ಗೆಲುವು ಸೋಲು ಅಡಗಿದೆ.

ಇದಕ್ಕೆ ಮೊದಲು ಕೈಹಾಕಿದವರಲ್ಲಿ ಜಪಾನೀಯರಿದ್ದಾರೆ. ಆನ್ ಡೈರಿ ಅಲ್ಲಿಗೆ ಅನುವಾದವಾಗಿ ಬಂದದ್ದು 1952ರಲ್ಲಿ, ಬಂದದ್ದೇ ತಡ ಲಕ್ಷಗಟ್ಟಲೆ ಮನೆಗಳಿಗೆ ಹೊಕ್ಕಿತು. ಮುಟ್ಟಿನ ಬಗ್ಗೆ ಹುಡುಗಿಯೊಬ್ಬಳು ನಾಚದೆ, ಸಂತೋಷದಿಂದ ಬರೆದದ್ದನ್ನು ಜಪಾನೀ ಹುಡುಗಿಯರು ಓದಿದ್ದು ಅದೇ ಮೊದಲು. 1961ರಲ್ಲಿ ಅಲ್ಲಿ ಸ್ಯಾನಿಟರಿ ನ್ಯಾಪ್‌ಕಿನ್ ಕಂಪನಿಯೊಂದು ಹುಟ್ಟಿಕೊಂಡಾಗ ಅದಕ್ಕೆ ಇಟ್ಟ ಹೆಸರು ‘ಆನ್’. ಮುಟ್ಟಿನ ದಿನಗಳಿಗೂ ಆಡುಮಾತಿನಲ್ಲಿ ಅವಳದೇ ಹೆಸರು ಬಂತು. ಆಕೆ ಅಲ್ಲಿ ಇತಿಹಾಸ ಪುಸ್ತಕದ ಹುತಾತ್ಮಳಾಗಿ ಅಲ್ಲ, ಪಕ್ಕದ ಬೆಂಚಿನ ಗೆಳತಿಯಾಗಿ ಮನೆಮಾತಾದಳು.

1979ರಲ್ಲಿ ನಿಪ್ಪಾನ್ ಅನಿಮೇಷನ್ ಎಂಬ ಸ್ಟುಡಿಯೊ ಟಿ.ವಿ.ಗಾಗಿ ಆನ್ ಕಥೆಯನ್ನು ಅನಿಮೇಷನ್ ಮಾಡಿತು. ಸ್ಟುಡಿಯೊದ ಹೆಸರು ನಮಗೆ ಗೊತ್ತಿಲ್ಲದಿದ್ದರೂ ಅದರ ಕೆಲಸ ಗೊತ್ತು. ತೊಂಬತ್ತರ ದಶಕದಲ್ಲಿ ಭಾನುವಾರ ಬೆಳಿಗ್ಗೆ ದೂರದರ್ಶನದ ಮುಂದೆ ನಮ್ಮ ಊರೂರಿನ ಮಕ್ಕಳನ್ನು ಕಟ್ಟಿಹಾಕಿದ ಮೌಗ್ಲಿಯ ‘ಜಂಗಲ್ ಬುಕ್’ ಅವರದೇ. 1995ರಲ್ಲಿ ಮ್ಯಾಡ್‌ಹೌಸ್ ಸ್ಟುಡಿಯೊ, ಅಕಿನೋರಿ ನಾಗಾವೊಕಾ ನಿರ್ದೇಶನದಲ್ಲಿ, ಥಿಯೇಟರಿಗಾಗಿಯೇ ‘ಆನ್‌ಳ ಡೈರಿ’ ಮಾಡಿತು. ಸಂಗೀತ ಮೈಕೆಲ್ ನೈಮನ್ ಅವರದು. ‘ದ ಪಿಯಾನೊ’ ಸಿನಿಮಾದಿಂದ ಆಗಷ್ಟೇ ಹೆಸರಾಗಿದ್ದ ಇಂಗ್ಲಿಷ್ ಸಂಗೀತಗಾರ. ದೊಡ್ಡ ಕಣ್ಣು, ಚೂಪು ಗಲ್ಲದ ಮಾಮೂಲಿ ಜಪಾನೀ ಶೈಲಿಯನ್ನು ಬದಿಗಿಟ್ಟು ವಾಸ್ತವಕ್ಕೆ ಹತ್ತಿರವಾದ ಮುಖಗಳನ್ನು ಬರೆದರು, ಆಮ್‌ಸ್ಟರ್‌ಡ್ಯಾಮ್‌ನ ಕಾಲುವೆಗಳನ್ನು, ಇಟ್ಟಿಗೆ ಗೋಡೆಗಳನ್ನು ಶ್ರದ್ಧೆಯಿಂದ ಬರೆದರು. ಶ್ರದ್ಧೆಯೇ ಅದರ ದೋಷವೂ ಹೌದು. ನಟರನ್ನಿಟ್ಟು ತೆಗೆಯಬಹುದಾಗಿದ್ದ ಸಿನಿಮಾವನ್ನೇ ಚಿತ್ರ ಬರೆದು ತೆಗೆದ ಹಾಗಿದೆ. ಚಿತ್ರ ಮಾತ್ರ ಮಾಡಬಲ್ಲದ್ದನ್ನು ಅದು ಮಾಡಿದ್ದು ಕಡಿಮೆ.

ಜಪಾನೀ ಅನಿಮೇಷನ್‌ಗೆ ತನ್ನದೇ ಯುದ್ಧದ ನೆನಪುಗಳೂ ಇದ್ದವಲ್ಲ. ಆರನೇ ವಯಸ್ಸಿನಲ್ಲಿ ಹಿರೋಷಿಮಾದ ಬಾಂಬು ಕಂಡ ಕೇಜಿ ನಾಕಾಜಾವಾ ಅವರ ‘ಬರಿಗಾಲಿನ ಗೆನ್’ 1983ರಲ್ಲಿ ತೆರೆಗೆ ಬಂತು. ತಂಗಿಯನ್ನು ಹಸಿವಿಗೆ ಕಳೆದುಕೊಂಡ ಅಕಿಯುಕಿ ನೊಸಾಕಾ ಅವರ ಕಥೆಯಿಂದ ಹುಟ್ಟಿದ ‘ಮಿಂಚುಹುಳಗಳ ಸಮಾಧಿ’ 1988ರಲ್ಲಿ ಬಂತು. ಇವೆರಡೂ ಡೈರಿಗಳಲ್ಲ. 1991ರ ಇನ್ನೊಂದು ಸಿನಿಮಾವನ್ನು ಇಂಗ್ಲಿಷ್ ಮಾರುಕಟ್ಟೆಯಲ್ಲಿ ‘ಕಯೋಕೊಳ ಡೈರಿ’ ಎಂದೇ ಕರೆದರು. ಅದೂ ಡೈರಿಯಲ್ಲ. ಟೋಕಿಯೊದಲ್ಲಿ ಮೀನಿನ ಗಾಳದ ಕೋಲು ಮಾಡುವವರ ಮನೆಯಲ್ಲಿ ಹುಟ್ಟಿದ ಕಯೋಕೊ ಎಬಿನಾ ದೊಡ್ಡವರಾದ ಮೇಲೆ ಬರೆದ ಬಾಲ್ಯದ ಕಥೆ. 1945ರ ಮಾರ್ಚ್ 10ರ ರಾತ್ರಿ ಅಮೆರಿಕದ ವಿಮಾನಗಳು ಟೋಕಿಯೊದ ಮರದ ಮನೆಗಳ ಮೇಲೆ ಬೆಂಕಿಬಾಂಬು ಸುರಿದು ಸುಮಾರು ಒಂದು ಲಕ್ಷ ಜನರನ್ನು ಕೊಂದಾಗ ಆಕೆಗೆ ಹನ್ನೊಂದು ವರ್ಷ. ಊರಾಚೆ ನುಮಾಜುವಿನ ಚಿಕ್ಕಮ್ಮನ ಮನೆಗೆ ಕಳಿಸಿದ್ದರಿಂದ ಬದುಕಿದರು. ತಂದೆ, ತಾಯಿ, ಅಜ್ಜಿ, ಇಬ್ಬರು ಅಣ್ಣಂದಿರು, ತಮ್ಮ, ಹೀಗೆ ಆರು ಜನ ಹೋದರು.

ಆ ಸಿನಿಮಾ ನೋಡುವಾಗ ಆತ್ಮಕಥೆಗೂ ಡೈರಿಗೂ ಇರುವ ಅಂತರ ಕಣ್ಣಿಗೆ ಹೊಡೆಯುತ್ತದೆ. ಅಳುಬುರುಕಿ ಕಯೋಕೊ, ಅವಳನ್ನು ರೇಗಿಸುವ ಅಣ್ಣಂದಿರು, ಹಬ್ಬದ ದಿನದ ಗಲಾಟೆ ಎಲ್ಲದರಲ್ಲೂ ಹೇಳುವವರ ದನಿಯಲ್ಲಿ ಮಮತೆಯೊಂದು ಒಸರುತ್ತಿರುತ್ತದೆ. ಸತ್ತವರನ್ನು ನೆನೆಯುವಾಗ ಅವರ ತಪ್ಪುಗಳನ್ನು ನಾವು ಹೇಳುವುದಿಲ್ಲವಲ್ಲ, ಹಾಗೆ. ಆನ್ ಡೈರಿಯಲ್ಲಿ ಆ ಮಮತೆಗೆ ಜಾಗವೇ ಇಲ್ಲ. ಒಂದೇ ಕೋಣೆ ಹಂಚಿಕೊಳ್ಳಬೇಕಾಗಿ ಬಂದ ದಂತವೈದ್ಯ ಫ್ರಿಟ್ಜ್ ಫೆಫರ್ ಬಗ್ಗೆ ಅವಳು ಬರೆದ ಮಾತುಗಳು ಕ್ರೂರವೇ ಆಗಿವೆ. ಆತ ಕೂಡ ಕೆಲವೇ ತಿಂಗಳಲ್ಲಿ ಶಿಬಿರದಲ್ಲಿ ಸಾಯುತ್ತಾನೆ ಎಂದು ಗೊತ್ತಿದ್ದರೆ ಹಾಗೆ ಬರೆಯುತ್ತಿದ್ದಳೇ? ಗೊತ್ತಿರಲಿಲ್ಲ, ಬರೆದಳು. ಆ ಅನ್ಯಾಯದ ಮಾತುಗಳನ್ನು ಉಳಿಸಿಕೊಂಡ ಸಿನಿಮಾ ಡೈರಿಗೆ ನಿಷ್ಠವಾಗಿದೆ ಎಂದು ನಾನು ತಿಳಿಯುತ್ತೇನೆ.

ಇಲ್ಲಿ ಒಂದು ತಿರುವಿದೆ. ಆನ್ ಡೈರಿಯನ್ನು ಮೊದಲು ತಿದ್ದಿ ರೂಪಾಂತರಿಸಿದ್ದು ಯಾವ ನಿರ್ದೇಶಕನೂ ಅಲ್ಲ, ಸ್ವತಃ ಆನ್. 1944ರ ಮಾರ್ಚ್ 28ರಂದು ಲಂಡನ್‌ನಿಂದ ಬರುವ ಡಚ್ ರೇಡಿಯೊದಲ್ಲಿ ಮಂತ್ರಿ ಬೋಲ್ಕೆಸ್ಟೈನ್ ಮಾತಾಡುತ್ತಾ, ಜನರ ಪತ್ರಗಳು, ಡೈರಿಗಳು ಯುದ್ಧ ಮುಗಿದ ಮೇಲೆ ದಾಖಲೆಗಳಾಗುತ್ತವೆ, ಜೋಪಾನ ಮಾಡಿ ಎಂದರು. ಮೇ ತಿಂಗಳಲ್ಲಿ ಆನ್ ತನ್ನ ಡೈರಿಯನ್ನು ಪುಸ್ತಕವಾಗಿ ತಿದ್ದಿ ಬರೆಯಲು ಕೂತಳು. ಆಫೀಸಿನ ಬಣ್ಣದ ತೆಳು ಹಾಳೆಗಳ ಮೇಲೆ, ಹತ್ತು ವಾರ, ಇನ್ನೂರಕ್ಕೂ ಹೆಚ್ಚು ಹಾಳೆ. ಬೇಡವಾದದ್ದನ್ನು ಬಿಟ್ಟಳು, ಹೆಸರುಗಳನ್ನು ಬದಲಿಸಿದಳು, ಎರಡು ವರ್ಷದ ಹಿಂದಿನ ತನ್ನ ಹುಡುಗಾಟವನ್ನು ಕತ್ತರಿಸಿದಳು. ಮೊದಲ ಡೈರಿಯಲ್ಲಿ ಅವಳು ಕಾಗದ ಬರೆಯುತ್ತಿದ್ದದ್ದು ಒಬ್ಬಳಿಗಲ್ಲ. ಸಿಸ್ಸಿ ಫಾನ್ ಮಾರ್ಕ್ಸ್‌ಫೆಲ್ಟ್ ಎಂಬ ಲೇಖಕಿಯ ‘ಯೋಪ್ ತರ್ ಹ್ಯೂಲ್’ ಕಾದಂಬರಿಮಾಲೆಯ ಹುಡುಗಿಯರನ್ನೆಲ್ಲ ಗೆಳತಿಯರೆಂದು ಭಾವಿಸಿ ಬರೆಯುತ್ತಿದ್ದಳು. ತಿದ್ದಿ ಬರೆಯುವಾಗ ಉಳಿದವರನ್ನೆಲ್ಲ ಬಿಟ್ಟು ಒಬ್ಬಳನ್ನು ಉಳಿಸಿಕೊಂಡಳು. ಅವಳೇ ಕಿಟಿ.

ಆ ಕಿಟಿಯನ್ನು ಎಬ್ಬಿಸಿ ನಡೆಸಿದವರು ಆರಿ ಫೋಲ್ಮನ್. ಇಸ್ರೇಲಿನ ನಿರ್ದೇಶಕ, ತಂದೆತಾಯಿ ಆಶ್‌ವಿಟ್ಜ್‌ನಿಂದ ಬದುಕಿ ಬಂದವರು. 2008ರಲ್ಲಿ ‘ವಾಲ್ಟ್ಜ್ ವಿತ್ ಬಶೀರ್’ ಎಂಬ ಅನಿಮೇಷನ್ ಸಾಕ್ಷ್ಯಚಿತ್ರದಲ್ಲಿ, ಲೆಬನಾನ್ ಯುದ್ಧದಲ್ಲಿ ಸೈನಿಕನಾಗಿದ್ದ ತನ್ನ ಅಳಿಸಿಹೋದ ನೆನಪನ್ನು ಹುಡುಕಿದ್ದರು. ಆ ಚಿತ್ರದ ಕೊನೆಯ ಕ್ಷಣಗಳಲ್ಲಿ ಬರೆದ ಚಿತ್ರ ನಿಂತುಹೋಗಿ, ಸಬ್ರಾ ಮತ್ತು ಶತೀಲಾ ಹತ್ಯಾಕಾಂಡದ ನಿಜವಾದ ದೃಶ್ಯಗಳು ತೆರೆಯ ಮೇಲೆ ಬರುತ್ತವೆ. ಚಿತ್ರಕ್ಕೆ ಎಲ್ಲಿಯವರೆಗೆ ಹೋಗುವ ಹಕ್ಕಿದೆ ಎಂದು ಯೋಚಿಸಿದ ಮನುಷ್ಯ ಎಂಬುದು ಅಷ್ಟರಿಂದಲೇ ಗೊತ್ತಾಗುತ್ತದೆ. ಆಟೊ ಫ್ರಾಂಕ್ ಸ್ಥಾಪಿಸಿದ, ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿರುವ ಆನ್ ಫ್ರಾಂಕ್ ಫೋಂಡ್ಸ್ ಎಂಬ ಸಂಸ್ಥೆ ಇವರನ್ನು ಕೇಳಿಕೊಂಡಿತು. ಮೊದಲು ಡೇವಿಡ್ ಪೊಲೊನ್ಸ್ಕಿ ಜೊತೆ ಡೈರಿಯ ಕಾಮಿಕ್ಸ್ ರೂಪ ಪುಸ್ತಕವಾಗಿ ಬಂತು. 2021ರ ಕಾನ್ ಚಿತ್ರೋತ್ಸವದಲ್ಲಿ ‘ಆನ್ ಫ್ರಾಂಕ್ ಎಲ್ಲಿ’ ಸಿನಿಮಾ ತೆರೆಕಂಡಿತು.

ಸಿನಿಮಾ ಶುರುವಾಗುವುದು ಇಂದಿನ ಆಮ್‌ಸ್ಟರ್‌ಡ್ಯಾಮ್‌ನಲ್ಲಿ. ಬಿರುಗಾಳಿಯ ರಾತ್ರಿ ಮ್ಯೂಸಿಯಂನ ಗಾಜಿನ ಪೆಟ್ಟಿಗೆ ಒಡೆಯುತ್ತದೆ. ಡೈರಿಯ ಪುಟದ ಶಾಯಿ ಮೇಲೆದ್ದು, ಅಕ್ಷರಗಳು ಎಳೆ ಎಳೆಯಾಗಿ ಹೆಣೆದುಕೊಂಡು ಕೆಂಪು ಕೂದಲಿನ ಹುಡುಗಿಯಾಗುತ್ತವೆ. ಕಿಟಿಗೆ ಡೈರಿಯಲ್ಲಿ ಇರುವುದೆಲ್ಲ ಗೊತ್ತು. ಡೈರಿಯಲ್ಲಿ ಇಲ್ಲದ್ದು ಏನೂ ಗೊತ್ತಿಲ್ಲ. 1944ರ ಆಗಸ್ಟ್ ಆದ ಮೇಲೆ ಆನ್ ಏನಾದಳು? ಮನೆಯವರೆಲ್ಲ ಎಲ್ಲಿ? ಈ ಮನೆಯಲ್ಲಿ ಇಷ್ಟು ಜನ ಅಪರಿಚಿತರು ಸಾಲಾಗಿ ಯಾಕೆ ನಡೆಯುತ್ತಿದ್ದಾರೆ?

ಇಷ್ಟು ಹೊತ್ತು ನಾನು ಹೇಳುತ್ತಾ ಬಂದ ತೊಡಕಿಗೆ ಇದಕ್ಕಿಂತ ಜಾಣ ಉತ್ತರ ಇನ್ನೊಂದಿಲ್ಲ. ಡೈರಿಯ ಅರಿಯದಿರುವಿಕೆಯನ್ನೇ ಒಂದು ಪಾತ್ರ ಮಾಡಿ, ಕೈಕಾಲು ಕೊಟ್ಟು ಬೀದಿಗೆ ಬಿಟ್ಟಿದ್ದಾರೆ. ನೋಡುವವರಿಗೆ ಗೊತ್ತಿರುವುದನ್ನು ಅವಳು ಹುಡುಕುತ್ತಾಳೆ. ಮಕ್ಕಳು ಜೊತೆಗೆ ಕೂತು ನೋಡಿದರೆ ಅವರೂ ಅವಳ ಜೊತೆ ಹುಡುಕುತ್ತಾರೆ. ಡೈರಿಯಿಂದ ದೂರ ಹೋದರೆ ಅವಳ ಮೈ ಕರಗಿ ಮತ್ತೆ ಶಾಯಿಯಾಗತೊಡಗುತ್ತದೆ. ಹಾಗಾಗಿ ದೇಶದ ಅಮೂಲ್ಯ ವಸ್ತುವನ್ನು ಕದ್ದು ಎದೆಗವಚಿಕೊಂಡು ಓಡಾಡಬೇಕಾದ ಪಾಡು. ಊರಲ್ಲೆಲ್ಲ ಆನ್ ಹೆಸರಿದೆ. ಸೇತುವೆ, ಶಾಲೆ, ರಂಗಮಂದಿರ, ಆಸ್ಪತ್ರೆ ಎಲ್ಲಕ್ಕೂ ಅವಳದೇ ಹೆಸರು. ಆನ್ ಮಾತ್ರ ಎಲ್ಲೂ ಇಲ್ಲ. ಸಿನಿಮಾದಲ್ಲಿ ಇಂದಿನ ಆಮ್‌ಸ್ಟರ್‌ಡ್ಯಾಮ್ ಚಳಿಗಾಲದ ಬೂದುಬಣ್ಣದಲ್ಲಿದೆ, ಅಡಗಿದ್ದ ದಿನಗಳು ಬಣ್ಣ ತುಂಬಿ ಬೆಚ್ಚಗಿವೆ. ಹಳೆಯ ಕಾಲವನ್ನು ಕಪ್ಪುಬಿಳುಪಿನಲ್ಲಿ ತೋರಿಸುವ ವಾಡಿಕೆಯನ್ನು ಉಲ್ಟಾ ಮಾಡಿದ್ದಾರೆ. ಬರೆಯುತ್ತಿದ್ದವಳಿಗೆ ಅದು ಹಳೆಯ ಕಾಲವಾಗಿರಲಿಲ್ಲವಲ್ಲ.

ಚಿತ್ರ ಮಾತ್ರ ಮಾಡಬಲ್ಲದ್ದು ಎಂದೆನಲ್ಲ, ಅದು ಇಲ್ಲಿ ಧಾರಾಳವಾಗಿದೆ. ಆನ್ ತನ್ನ ಕೋಣೆಯ ಗೋಡೆಗೆ ಗ್ರೆಟಾ ಗಾರ್ಬೊ, ಜಿಂಜರ್ ರೋಜರ್ಸ್, ಇಂಗ್ಲೆಂಡಿನ ರಾಜಕುಮಾರಿ ಎಲಿಜಬೆತ್ ಮುಂತಾದವರ ಚಿತ್ರಗಳನ್ನು ಅಂಟಿಸಿಕೊಂಡಿದ್ದಳು. ಗ್ರೀಕ್ ಪುರಾಣವೆಂದರೆ ಅವಳಿಗೆ ಪ್ರಾಣ. ಫೋಲ್ಮನ್ ಇವೆರಡನ್ನೂ ಬೆರೆಸಿ, ಹಾಲಿವುಡ್ ತಾರೆಯರೂ ಪುರಾಣದ ವೀರರೂ ಒಂದಾಗಿ ನಾಜಿ ಸೇನೆಯ ಮೇಲೆ ನುಗ್ಗುವ ಕನಸಿನ ದೃಶ್ಯ ಮಾಡಿದ್ದಾರೆ. ಯಾತನಾ ಶಿಬಿರದ ದಾರಿಯನ್ನು ನೇರವಾಗಿ ತೋರಿಸುವುದಿಲ್ಲ. ನಮ್ಮ ವೈತರಣಿಯಂಥ ನದಿ ದಾಟಿ ಗ್ರೀಕರ ಪಾತಾಳಕ್ಕೆ ಇಳಿಯುವ ಯಾತ್ರೆಯಾಗಿ ತೋರಿಸುತ್ತಾರೆ. 1944ರ ಸೆಪ್ಟೆಂಬರ್ 3ರಂದು ವೆಸ್ಟರ್‌ಬೋರ್ಕ್‌ನಿಂದ ಆಶ್‌ವಿಟ್ಜ್‌ಗೆ ಹೊರಟ ರೈಲಿನೊಳಗೆ ಕುಳಿತ ಆ ಹುಡುಗಿಯ ತಲೆಯಲ್ಲಿ ಏನಿತ್ತೆಂದು ಯಾರಿಗೂ ಗೊತ್ತಿಲ್ಲ. ಅವಳು ಓದಿದ್ದ ಪುಸ್ತಕಗಳು ಗೊತ್ತು. ಅವುಗಳಿಂದಲೇ ಆ ಖಾಲಿಯನ್ನು ತುಂಬಿದ್ದು ಸರಿಯಾದ ಮರ್ಯಾದೆ.

ಈಗ ನಾನು ಒಪ್ಪದ ಕಾಲುಪಾಲು. ಈ ಸಿನಿಮಾದಲ್ಲಿ ನಾಜಿಗಳು ಮುಗಿಲೆತ್ತರದ ಕಪ್ಪು ಆಕೃತಿಗಳು. ಮುಖದ ಜಾಗದಲ್ಲಿ ಬಿಳಿ ಮುಖವಾಡ, ಎಲ್ಲರೂ ಒಂದೇ ಅಚ್ಚು. ಮಗುವಿನ ಕಣ್ಣಿಗೆ ಹಾಗೆಯೇ ಕಾಣುತ್ತಾರೆ ಎಂಬುದು ಸಮರ್ಥನೆ. ಆಗಸ್ಟ್ 4ರ ಬೆಳಿಗ್ಗೆ ಆ ಮೆಟ್ಟಿಲು ಹತ್ತಿ ಬಂದವನು ಮಾತ್ರ ಬೇರೆಯೇ. ಹೆಸರು ಕಾರ್ಲ್ ಸಿಲ್ಬರ್‌ಬಾವರ್, ವಿಯೆನ್ನಾದವನು. ಒಡವೆ, ಹಣ ತುಂಬಿಕೊಳ್ಳಲು ಚೀಲ ಬೇಕಿತ್ತು, ಆಟೊ ಫ್ರಾಂಕ್ ಅವರ ಚರ್ಮದ ಕೈಚೀಲ ಕಂಡಿತು, ಒಳಗಿದ್ದ ಕಾಗದಗಳನ್ನೆಲ್ಲ ನೆಲಕ್ಕೆ ಸುರಿದ. ಆ ಕಾಗದಗಳೇ ಆನ್ ಬರಹ. ಬೆಲೆಯಿಲ್ಲದ ಕಸ ಎಂದು ಬಿಟ್ಟುಹೋದದ್ದರಿಂದಲೇ, ಅಡಗಿದ್ದವರಿಗೆ ನೆರವಾಗುತ್ತಿದ್ದ ಮೀಪ್ ಗೀಸ್ ಮತ್ತು ಬೆಪ್ ಫೋಸ್ಕಾವ್ಲ್ ಅವನ್ನು ಆರಿಸಿಡಲು ಸಾಧ್ಯವಾಯಿತು. ಅಷ್ಟರಲ್ಲಿ ಅವನ ಕಣ್ಣಿಗೆ ಒಂದು ಟ್ರಂಕು ಬಿತ್ತು. ಆಟೊ ಫ್ರಾಂಕ್ ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸೇನೆಯ ಲೆಫ್ಟಿನೆಂಟ್ ಆಗಿದ್ದರೆಂದು ಅದು ಹೇಳುತ್ತಿತ್ತು. ಅವನ ಗತ್ತು ಇಳಿಯಿತು, ಸಾಮಾನು ಕಟ್ಟಿಕೊಳ್ಳಲು ಸಮಯ ಕೊಟ್ಟ. ಎರಡು ವರ್ಷ ಇಲ್ಲೇ ಇದ್ದೆವು ಎಂದಾಗ ನಂಬಲಿಲ್ಲ. ಆಟೊ ಗೋಡೆಯ ಪೆನ್ಸಿಲ್ ಗೆರೆಗಳನ್ನು ತೋರಿಸಿದರು, ಮಗಳು ಇಷ್ಟು ಬೆಳೆದಳು ನೋಡಿ ಎಂದು. 1963ರಲ್ಲಿ ಅವನನ್ನು ಪತ್ತೆಹಚ್ಚಿದಾಗ ಆತ ವಿಯೆನ್ನಾದಲ್ಲಿ ಪೊಲೀಸ್ ಕೆಲಸದಲ್ಲಿದ್ದ.

ಮುಖವಾಡ ಹಾಕಿದರೆ ಈ ಮನುಷ್ಯ ಕಾಣಿಸುವುದಿಲ್ಲ. ಸೇನೆಯ ಶ್ರೇಣಿಗೆ ಗೌರವ ಕೊಡುವ, ಎತ್ತರದ ಗುರುತಿಗೆ ಬೆರಗಾಗುವ, ಆದರೂ ಎಂಟು ಜನರನ್ನು ಲಾರಿ ಹತ್ತಿಸುವ ನೌಕರ. ಅವನಿಗಿಂತ ದೈತ್ಯನನ್ನು ಬರೆಯುವುದು ಸುಲಭ, ನೋಡುವುದೂ ಸುಲಭ. ಬೇಕಾದ್ದನ್ನು ಬರೆಯಬಹುದು ಎಂಬ ಅನಿಮೇಷನ್‌ನ ಬಲವೇ ಇಲ್ಲಿ ಅದಕ್ಕೆ ಮುಳುವಾಗಿದೆ.

ಕೊನೆಯ ಭಾಗದ ಬಗ್ಗೆಯೂ ತಕರಾರಿದೆ. ಕಿಟಿ ಪೀಟರ್ ಎಂಬ ಜೇಬುಗಳ್ಳ ಹುಡುಗನ ಜೊತೆ ಸೇರಿ, ಯುದ್ಧದಿಂದ ಓಡಿಬಂದ ನಿರಾಶ್ರಿತರ ನಡುವೆ ಬದುಕುತ್ತಾಳೆ. ಅವರನ್ನು ದೇಶದಿಂದ ಹೊರಹಾಕಿದರೆ ಡೈರಿ ಸುಡುತ್ತೇನೆ ಎಂದು ಬೆದರಿಸುತ್ತಾಳೆ. ಆನ್ ಹೆಸರಿನ ಶಾಲೆ ಕಟ್ಟುವವರಿಗೆ ಇಂದು ಅಡಗಿರುವ ಮಕ್ಕಳು ಕಾಣುವುದಿಲ್ಲವೇ ಎಂಬ ಪ್ರಶ್ನೆ ಚುರುಕಾದದ್ದೇ. ಹತ್ಯಾಕಾಂಡವನ್ನೂ ಇಂದಿನ ವಲಸೆಯನ್ನೂ ಸಮಮಾಡಿದರು ಎಂದು ಕೆಲವು ವಿಮರ್ಶಕರು ಕಿಡಿಕಾರಿದರು. ನನ್ನ ತಕರಾರು ಅದಲ್ಲ. ಅಧಿಕಾರಿಗಳು ಅಷ್ಟು ಬೇಗ ಬಗ್ಗಿಬಿಡುತ್ತಾರಲ್ಲ, ಅದು. ಮೂರು ಗೆರೆ ಬರೆದು ಮುಗಿಸಿದ ಹಾಗಿದೆ.

ಫೋಲ್ಮನ್ ಮತ್ತು ಪೊಲೊನ್ಸ್ಕಿ ಅವರ ಪುಸ್ತಕಕ್ಕೆ ಬಂದ ವಿರೋಧ ಬೇರೆ ಬಗೆಯದು. 2023ರಲ್ಲಿ ಅಮೆರಿಕದ ಫ್ಲಾರಿಡಾದ ಪ್ರೌಢಶಾಲೆಯೊಂದು ತನ್ನ ಗ್ರಂಥಾಲಯದಿಂದ ಅದನ್ನು ತೆಗೆದುಹಾಕಿತು. ಹೆಣ್ಣುಮೈಯ ಶಿಲ್ಪಗಳ ನಡುವೆ ಆನ್ ನಡೆದಾಡುವ ಚಿತ್ರ ದೂರಿಗೆ ಕಾರಣ. ಆ ಚಿತ್ರ ಕಲಾವಿದರ ಕಲ್ಪನೆಯೇನಲ್ಲ, ಆನ್ ತಾನೇ ಬರೆದ ಮಾತಿನಿಂದ ಬಂದದ್ದು. ಅಕ್ಷರದಲ್ಲಿ ಯಾರೂ ಗಮನಿಸದೆ ಬಿಟ್ಟದ್ದು ಚಿತ್ರವಾದ ಕೂಡಲೇ ಅಪರಾಧವಾಯಿತು.

ಆನ್ ಒಬ್ಬಳ ಸುತ್ತಲೇ ಇಷ್ಟು ಸಿನಿಮಾ ಯಾಕೆ? ಡೈರಿ ಬರೆದ ಮಕ್ಕಳು ಬೇಕಾದಷ್ಟಿದ್ದಾರೆ. ಆದರೆ ಎಲ್ಲ ಡೈರಿಗಳೂ ಸಿನಿಮಾದ ಕೈಗೆ ಸಿಗುವಂಥವಲ್ಲ. ಲೆನಿನ್‌ಗ್ರಾಡಿನ ಮುತ್ತಿಗೆಯ ಕಾಲದ ತಾನ್ಯಾ ಸಾವಿಚೆವಾ ಎಂಬ ಹುಡುಗಿಯನ್ನೇ ತೆಗೆದುಕೊಳ್ಳಿ. ಅವಳ ಹತ್ತಿರ ದೊಡ್ಡ ಡೈರಿಯೇ ಇತ್ತು. 1941ರ ಚಳಿಗಾಲದಲ್ಲಿ ಒಲೆಗೆ ಹಾಕಲು ಏನೂ ಉಳಿಯದಿದ್ದಾಗ ಅದನ್ನು ಸುಟ್ಟರು. ಅಕ್ಕ ನೀನಾಳ ಪುಟ್ಟ ನೋಟ್‌ಬುಕ್ ಉಳಿಯಿತು. ಕಾರ್ಖಾನೆಯಲ್ಲಿದ್ದ ಅಕ್ಕ ಅದರ ಅರ್ಧದಲ್ಲಿ ಉಗಿ ಬಾಯ್ಲರಿನ ಭಾಗಗಳ ಬಗ್ಗೆ ಟಿಪ್ಪಣಿ ಬರೆದುಕೊಂಡಿದ್ದಳು. ಉಳಿದರ್ಧ ವಿಳಾಸ ಬರೆಯುವ ಪುಸ್ತಕದಂತೆ ಅಕ್ಷರಮಾಲೆಯ ಕ್ರಮದಲ್ಲಿ ಖಾಲಿಯಿತ್ತು. ಹನ್ನೆರಡು ತುಂಬುವುದರಲ್ಲಿದ್ದ ತಾನ್ಯಾ ಅದರಲ್ಲಿ ನೀಲಿ ಪೆನ್ಸಿಲಿನಿಂದ ಬರೆದದ್ದು ಒಂಬತ್ತು ಪುಟ. ಅಕ್ಕ ಜೆನ್ಯಾ, ಅಜ್ಜಿ, ಅಣ್ಣ, ಇಬ್ಬರು ದೊಡ್ಡಪ್ಪಂದಿರು, ಕೊನೆಗೆ ಅಮ್ಮ, ಅವರವರ ಹೆಸರಿನ ಮೊದಲಕ್ಷರದ ಪುಟದಲ್ಲಿ, ಸತ್ತ ದಿನ ಮತ್ತು ಗಂಟೆ. ಸಿಟ್ಟಿಲ್ಲ, ಅಳುವಿಲ್ಲ, ಹಸಿವು ಎಂಬ ಮಾತೂ ಇಲ್ಲ. ತಾನೊಬ್ಬಳೇ ಉಳಿದೆ ಎಂದುಕೊಂಡಿದ್ದಳು. ಅಕ್ಕ ನೀನಾ, ಇನ್ನೊಬ್ಬ ಅಣ್ಣ ಮಿಖಾಯಿಲ್ ಬದುಕಿದ್ದದ್ದು ಅವಳಿಗೆ ತಿಳಿಯಲೇ ಇಲ್ಲ. 1944ರ ಜುಲೈ 1ರಂದು, ಹದಿನಾಲ್ಕನೇ ವಯಸ್ಸಿನಲ್ಲಿ, ಕ್ಷಯದಿಂದ ತೀರಿಕೊಂಡಳು. ಒಂಬತ್ತು ಪುಟಗಳ ಈ ಬರಹಕ್ಕೆ ಸಂಗೀತ ಸೇರಿಸಿ, ಹಿಮ ಬೀಳಿಸಿ, ಕಣ್ಣೀರು ಬರೆದರೆ ಅದು ಹೆಚ್ಚುವುದಿಲ್ಲ, ತಗ್ಗುತ್ತದೆ.

ಪ್ರಾಗ್‌ನ ಪೆತ್ರ್ ಗಿಂಜ್ ಇದಕ್ಕೆ ತದ್ವಿರುದ್ಧ. ಈ ಹುಡುಗನ ಕಥೆಯ ಒಂದು ಕೊಂಡಿ ಕಲ್ಪನಾ ಚಾವ್ಲಾ ಅವರ ನೌಕೆಯಲ್ಲಿದೆ. 2003ರ ಜನವರಿಯಲ್ಲಿ ಕೊಲಂಬಿಯಾದಲ್ಲಿ ಅವರ ಜೊತೆ ಹೋದ ಇಸ್ರೇಲಿನ ಮೊದಲ ಗಗನಯಾನಿ ಇಲಾನ್ ರಾಮೋನ್, ‘ಚಂದ್ರನ ನೋಟ’ ಎಂಬ ಪೆನ್ಸಿಲ್ ಚಿತ್ರದ ಪ್ರತಿಯೊಂದನ್ನು ಒಯ್ದಿದ್ದರು. ಚಂದ್ರನ ಮೇಲೆ ನಿಂತು ಭೂಮಿಯನ್ನು ನೋಡುವ ಆ ಚಿತ್ರವನ್ನು ಪೆತ್ರ್ ಬರೆದದ್ದು ತೆರೆಜಿನ್ ಗೆಟ್ಟೊದಲ್ಲಿ ಬಂದಿಯಾಗಿದ್ದಾಗ. ಫೆಬ್ರುವರಿ 1ರಂದು ನೌಕೆ ಒಡೆದು ಏಳೂ ಜನ ತೀರಿಕೊಂಡರು. ಬದುಕಿದ್ದರೆ ಪೆತ್ರ್‌ಗೆ ಅಂದೇ 75 ತುಂಬುತ್ತಿತ್ತು. ಸುದ್ದಿಯಲ್ಲಿ ಆ ಹೆಸರು ಕೇಳಿದ ಪ್ರಾಗ್‌ನ ಮನುಷ್ಯನೊಬ್ಬನಿಗೆ ತನ್ನ ಮನೆಯಲ್ಲಿ ಸಿಕ್ಕಿದ್ದ ಹಳೆಯ ನೋಟ್‌ಬುಕ್ಕುಗಳು ನೆನಪಾದವು. ಹಾಗೆ ಅವನ ಡೈರಿ ಹೊರಬಂತು. ಬದುಕುಳಿದಿದ್ದ ತಂಗಿ ಅದನ್ನು ಸಂಪಾದಿಸಿದರು.

ಡೈರಿಯೇನೋ ಸಿಕ್ಕಿತು, ಓದಲು ಹೋದರೆ ಬರೀ ಒಣ ವರದಿ. ಬೆಳಿಗ್ಗೆ ಶಾಲೆ, ಮಧ್ಯಾಹ್ನ ಮನೆ, ಪುಟಗಟ್ಟಲೆ ಹೀಗೇ. ನಡುವೆ ಒಮ್ಮೊಮ್ಮೆ ಹುಡುಗನ ಕುಚೋದ್ಯ ಇಣುಕುತ್ತದೆ. ಯಹೂದಿಗಳು ಎದೆಯ ಮೇಲೆ ಹಳದಿ ನಕ್ಷತ್ರ ತೊಡಬೇಕೆಂದು ಆಜ್ಞೆಯಾದ ದಿನ, ಶಾಲೆಗೆ ಹೋಗುವ ದಾರಿಯಲ್ಲಿ ಅಮೆರಿಕದ ಶೆರಿಫ್‌ಗಳಂತೆ ಕಾಣುವ 69 ಜನರನ್ನು ಎಣಿಸಿದೆ, ಅಮ್ಮನಿಗೆ ನೂರಕ್ಕೂ ಹೆಚ್ಚು ಸಿಕ್ಕಿದರು ಎಂದು ಬರೆದಿದ್ದಾನೆ. ಆ ಬೀದಿಗೆ ಆಕಾಶಗಂಗೆ ಎಂದು ಹೆಸರು ಬಿದ್ದಿತ್ತಂತೆ. ಡೈರಿಯಲ್ಲಿ ಹೀಗೆ ಅದುಮಿಟ್ಟದ್ದೆಲ್ಲ ಅವನ ಚಿತ್ರಗಳಲ್ಲಿ, ಕಥೆಗಳಲ್ಲಿ ಉಕ್ಕಿದೆ. ಹದಿನಾಲ್ಕು ತುಂಬುವುದರೊಳಗೆ ಜೂಲ್ಸ್ ವರ್ನ್ ಪ್ರಭಾವದಲ್ಲಿ ಐದು ಕಾದಂಬರಿ ಬರೆದಿದ್ದ. ಅವನ ಕೈಯ 120ಕ್ಕೂ ಹೆಚ್ಚು ಚಿತ್ರಗಳು ಉಳಿದಿವೆ. ತೆರೆಜಿನ್‌ನಲ್ಲಿ ಹುಡುಗರು ಗುಟ್ಟಾಗಿ ತರುತ್ತಿದ್ದ ‘ವೆದೆಮ್’ ವಾರಪತ್ರಿಕೆಗೆ ಅವನೇ ಸಂಪಾದಕ. ಲೇಖನ ಕೊಡಲು ಸತಾಯಿಸುವವರಿಗೆ ಮನೆಯಿಂದ ಬಂದ ಪೊಟ್ಟಣದ ತಿಂಡಿಯೇ ಸಂಭಾವನೆ. (ಸಂಪಾದಕರ ಕಷ್ಟ ಎಲ್ಲ ಕಾಲಕ್ಕೂ ಒಂದೇ.) ಹುಡುಗರ ಕೈಬರಹದ ಆ ಪತ್ರಿಕೆಯ ಸುಮಾರು 800 ಪುಟ ಉಳಿದಿವೆ. ಪೆತ್ರ್‌ನನ್ನು 1944ರಲ್ಲಿ ಆಶ್‌ವಿಟ್ಜ್‌ಗೆ ಒಯ್ದರು. ಹದಿನಾರು ವರ್ಷ.

2012ರಲ್ಲಿ ಸಾಂಡ್ರಾ ಡಿಕ್ಸನ್ ಮತ್ತು ಚರ್ಚಿಲ್ ರಾಬರ್ಟ್ಸ್ ಮಾಡಿದ ‘ಪೆತ್ರ್ ಗಿಂಜ್‌ನ ಕೊನೆಯ ಹಾರಾಟ’ ಸಾಕ್ಷ್ಯಚಿತ್ರ ಅವನ ಚಿತ್ರಗಳಿಗೇ ಚಲನೆ ಕೊಟ್ಟಿತು. ಮಗುವಿನ ಅಕ್ಷರಕ್ಕೆ ದೊಡ್ಡವರು ಚಿತ್ರ ಬರೆಯುವ ಪ್ರಶ್ನೆಯೇ ಇಲ್ಲಿಲ್ಲ. ಚಿತ್ರವೂ ಮಗುವಿನದೇ, ಅಲುಗಿಸಿದ್ದು ಮಾತ್ರ ದೊಡ್ಡವರು. ಆನ್ ಸಿನಿಮಾಗಳಲ್ಲಿ ಮೂರು ತಲೆಮಾರಿನವರು ತಿಣುಕಾಡಿದ್ದು ಇಲ್ಲಿ ತಾನಾಗಿ ಬಂದಿದೆ, ಯಾಕೆಂದರೆ ಪೆನ್ಸಿಲ್ ಹಿಡಿದ ಕೈಗೂ ನಾಳೆ ಗೊತ್ತಿರಲಿಲ್ಲ.

ಆದರೂ ಆ ಸಾಕ್ಷ್ಯಚಿತ್ರವನ್ನು ನೋಡಿದವರು ಕಡಿಮೆ. ಆನ್ ವಿಷಯ ಹಾಗಲ್ಲ. ನೆದರ್ಲೆಂಡ್ಸ್‌ನಲ್ಲಿ ಆನ್ ಮೂಲ ಬರಹಗಳ ಮೇಲಿನ ಹಕ್ಕುಸ್ವಾಮ್ಯ 2037ರವರೆಗೂ ಇದೆ. ಅಲ್ಲಿ ಅವಳ ಮಾತುಗಳನ್ನು ಬಳಸಿ ಸಿನಿಮಾ ಮಾಡುವವರು ಬಾಸೆಲ್‌ನ ಫೋಂಡ್ಸ್ ಬಾಗಿಲು ತಟ್ಟಬೇಕು, ಅನುಮತಿಗೆ ಕಾಯಬೇಕು. ತಟ್ಟುವವರಿಗೇನೂ ಬರವಿಲ್ಲ. ಆನ್ ಹೆಸರಿಗೆ ಟಿಕೆಟ್ ಮಾರಾಟವಾಗುತ್ತದೆ, ಪೆತ್ರ್ ಗಿಂಜ್ ಹೆಸರಿಗೆ ಇನ್ನೂ ಆಗುತ್ತಿಲ್ಲ.